ಕೋಲಿನ ನೆರಳು, ಗೋಡೆಯ ಪಟ್ಟಿ

ಆಗಸ್ಟ್ 18 ಹತ್ತಿರ ಬಂತೆಂದರೆ ನಾನು ಬೆಳಗೆದ್ದು ನೋಡುವುದು ಮೋಡವನ್ನೇ. ಮಧ್ಯಾಹ್ನವಾದರೆ ಸೂರ್ಯ ನೆತ್ತಿಗೆ ಬಂದ ಎನ್ನುತ್ತೇವೆ. ಬೆಂಗಳೂರಿನ ನೆತ್ತಿಗೆ ಅವನು ನಿಜವಾಗಿ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಏಪ್ರಿಲ್‌ನಲ್ಲಿ ಬಿಸಿಲಿದ್ದರೂ ಶಾಲೆ ಇರುವುದಿಲ್ಲ. ಆಗಸ್ಟ್‌ನಲ್ಲಿ ಶಾಲೆ ಇದ್ದರೂ ಬಿಸಿಲನ್ನು ನಂಬುವಂತಿಲ್ಲ. ನಡುಹಗಲಲ್ಲಿ ನೆರಳೇ ಬೀಳದ ಆ ಒಂದು ದಿನಕ್ಕೆ ಕಾಯದೆ ವರ್ಷವಿಡೀ ಕೋಲಿನ ನೆರಳು ಅಳೆಯಿರಿ ಎಂದು ಶಿಕ್ಷಕರಿಗೆ ಹೇಳುತ್ತಿರುತ್ತೇನೆ.

ವಿಜ್ಞಾನ ಮೇಳಗಳಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಉಕ್ಕಿಸುವ ಜ್ವಾಲಾಮುಖಿ ನನಗೆ ಒಗ್ಗುವುದಿಲ್ಲ. ಒಂದು ಮಗು ಸುರಿಯುತ್ತದೆ, ಉಳಿದವರು ನೋಡುತ್ತಾರೆ, ನೊರೆ ಇಳಿದರೆ ಮುಗಿಯಿತು. ನೆರಳಿನ ಕೆಲಸಕ್ಕೆ ಐದು ಮಕ್ಕಳು ಬೇಕೇ ಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಲು ಒಬ್ಬಳು, ಹೊತ್ತು ಕೂಗಲು ಒಬ್ಬ, ಸೀಮೆಸುಣ್ಣದಲ್ಲಿ ಚುಕ್ಕಿ ಇಡಲು, ಟೇಪು ಹಿಡಿಯಲು, ಬರೆದುಕೊಳ್ಳಲು ಇನ್ನು ಮೂವರು. ಸೂರ್ಯನನ್ನು ಮಾತ್ರ ಯಾರೂ ನೋಡಕೂಡದು.

ನೆರಳಿನ ತುದಿ ಮಸುಕಾಗಿರುತ್ತದೆ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಕೋಲಿನ ತುದಿಗೆ ಜೇಡಿಮಣ್ಣಿನ ಉಂಡೆ ಮೆತ್ತಿ, ಆ ಉಂಡೆಯ ನೆರಳಿನ ನಡುವಿಗೆ ಚುಕ್ಕಿ ಇಟ್ಟರೆ ಜಗಳವಿಲ್ಲ. ಎತ್ತರವನ್ನೂ ಉಂಡೆಯ ನಡುವಿನವರೆಗೇ ಅಳೆಯಬೇಕು. ನಮ್ಮ ಹಳೆಯ ಜ್ಯೋತಿರ್ಗಣಿತಜ್ಞರು ನೆರಳು ಅಳೆಯಲು ನೆಡುತ್ತಿದ್ದ ಶಂಕು 12 ಅಂಗುಲದ್ದು. ಮಕ್ಕಳಿಗೆ ಒಂದು ಮೀಟರ್ ಕೋಲೇ ಸಲೀಸು.

ಪ್ರಾಥಮಿಕ ತರಗತಿಗೆ ಕೋನದ ಲೆಕ್ಕ ಬೇಡ. ನಡುಹಗಲಿನ, ಅಂದರೆ ಆ ದಿನದ ಅತಿ ಗಿಡ್ಡ ನೆರಳಿನಷ್ಟೇ ಉದ್ದಕ್ಕೆ ಹಳೆಯ ಕ್ಯಾಲೆಂಡರಿನ ಕಾಗದ ಕತ್ತರಿಸಿ ಗೋಡೆಗೆ ಅಂಟಿಸಲಿ, ತಿಂಗಳಿಗೊಂದು ಪಟ್ಟಿ. ಬೆಂಗಳೂರಿನಲ್ಲಿ ಡಿಸೆಂಬರ್ 21ರಂದು ಅದು ಸುಮಾರು 74 ಸೆಂಟಿಮೀಟರ್, ಉತ್ತರಕ್ಕೆ. ಜೂನ್ 21ರಂದು ಬರೀ 18, ಅದೂ ದಕ್ಷಿಣಕ್ಕೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಜೂನ್‌ನಲ್ಲಿ ಓಡಿಬಂದು, “ಸಾರ್, ನೆರಳು ಉಲ್ಟಾ ಬಿದ್ದಿದೆ, ಎಲ್ಲೋ ತಪ್ಪು ಮಾಡಿದ್ದೀವಿ” ಎಂದಳು. ನಾಳೆಯೂ ಅಳೆಯಿರಿ ಎಂದೆ. ಮಾರನೆಯ ದಿನವೂ ದಕ್ಷಿಣಕ್ಕೇ ಬಿತ್ತು. ಕೊನೆಗೆ ಗುಂಪೇ ಕೂತು ಮಾತಾಡಿಕೊಂಡು, ಗೋಡೆಯ ಮೇಲೆ ಅಡ್ಡಗೆರೆ ಎಳೆದು, ಜೂನ್ ಪಟ್ಟಿಯನ್ನು ಗೆರೆಯ ಕೆಳಗೆ ಅಂಟಿಸಿತು. ಹೇಳಿಕೊಟ್ಟದ್ದು ನಾನಲ್ಲ.

ಮಂಗಳೂರು ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲೇ ಇದೆ. ಒಂದೇ ಉದ್ದದ ಕೋಲು ನೆಟ್ಟರೆ ಎರಡೂ ಊರಿನ ಪಟ್ಟಿಗಳು ಹೊಂದಬೇಕು. ನಡುಹಗಲು ಮಾತ್ರ ಅಲ್ಲಿ 11 ನಿಮಿಷ ತಡ. ಆಗಸ್ಟ್ 18ರಂದು ಇಲ್ಲಿ 12.24 ಆದರೆ ಅಲ್ಲಿ 12.35ರ ಹೊತ್ತು. ಒಮ್ಮೆ ಮೋಡ ಸರಿದ ಪುಣ್ಯಕ್ಕೆ ಎರಡು ಊರಿನ ಮಕ್ಕಳನ್ನು ಫೋನಿನಲ್ಲಿ ಕೂಡಿಸಿದ್ದೆವು. “ನಮ್ಮ ಕೋಲಿಗೆ ನೆರಳೇ ಇಲ್ಲ!” ಎಂದು ಇಲ್ಲಿಯವರು ಕೂಗಿದರು.

“ನಮ್ಮದು ಇನ್ನೂ ಪಶ್ಚಿಮಕ್ಕೆ ಉಂಟು. ಫೋನ್ ಇಡಬೇಡಿ, ಸ್ವಲ್ಪ ನಿಲ್ಲಿ.”