ನಿವ್ವಳ ಬಲದ ಲೆಕ್ಕ: ಒಂದು ಚಾರಿತ್ರಿಕ ವಿಮರ್ಶೆ

ಚಲನಶಾಸ್ತ್ರದ ಪ್ರಾಥಮಿಕ ಪಾಠಗಳಲ್ಲಿ ಒಂದು ಲೆಕ್ಕವು ತಪ್ಪದೆ ಕಾಣಿಸಿಕೊಳ್ಳುತ್ತದೆ. ರಾಟೆಯ ಮೇಲೆ ಹಾಯ್ದ ದಾರದ ಒಂದು ತುದಿಗೆ 3 ಕಿಲೋಗ್ರಾಂ, ಮತ್ತೊಂದು ತುದಿಗೆ 2 ಕಿಲೋಗ್ರಾಂ ರಾಶಿಯ ಗುಂಡುಗಳನ್ನು ತೂಗಬಿಟ್ಟಿದೆ. ಅವುಗಳ ವೇಗೋತ್ಕರ್ಷವೆಷ್ಟು, ದಾರದ ಎಳೆತವೆಷ್ಟು ಎಂಬುದು ಪ್ರಶ್ನೆ. ಇತಿಹಾಸದ ಅಧ್ಯಾಪಕನಿಗೆ ಈ ಲೆಕ್ಕದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಈ ಲೆಕ್ಕಕ್ಕೂ ಒಂದು ಚರಿತ್ರೆಯುಂಟು. ಆ ಚರಿತ್ರೆಯನ್ನು ಮರೆತು ಕಲಿಸುವುದರಿಂದ ವಿದ್ಯಾರ್ಥಿಗೆ ನಷ್ಟವಾಗುತ್ತಿದೆ ಎಂಬುದೇ ಈ ಲೇಖನದ ಅಭಿಪ್ರಾಯ.

ಮೊದಲು ಲೆಕ್ಕವನ್ನೇ ನೋಡೋಣ. ಗುಂಡುಗಳ ತೂಕ ಕ್ರಮವಾಗಿ 29.4 ಮತ್ತು 19.6 ನ್ಯೂಟನ್. ಇವು ದಾರವನ್ನು ಎದುರುಬದುರಾಗಿ ಎಳೆಯುವುದರಿಂದ ನಿವ್ವಳ ಬಲ 9.8 ನ್ಯೂಟನ್. ಚಲಿಸಬೇಕಾದ ಒಟ್ಟು ರಾಶಿ 5 ಕಿಲೋಗ್ರಾಂ. ಆದುದರಿಂದ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ 1.96 ಮೀಟರ್, ದಾರದ ಎಳೆತ 23.52 ನ್ಯೂಟನ್. ಇಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪುಗಳಲ್ಲಿ ಎರಡು ಗಮನಾರ್ಹವಾದುವು. ಕೆಲವರು ನಿವ್ವಳ ಬಲವನ್ನು ಕೆಳಗಿಳಿಯುವ ಗುಂಡಿನ 3 ಕಿಲೋಗ್ರಾಂನಿಂದ ಮಾತ್ರ ಭಾಗಿಸುತ್ತಾರೆ. ಇನ್ನು ಕೆಲವರು ದಾರದ ಎಳೆತವು ದೊಡ್ಡ ಗುಂಡಿನ ತೂಕಕ್ಕೇ ಸಮವೆಂದು ಬರೆಯುತ್ತಾರೆ. ಹಾಗಿದ್ದಲ್ಲಿ ಆ ಗುಂಡಿನ ಮೇಲಿನ ನಿವ್ವಳ ಬಲವು ಸೊನ್ನೆಯಾಗುವುದರಿಂದ, ತಡೆದು ಹಿಡಿದ ಕೈಯನ್ನು ಬಿಟ್ಟ ಮೇಲೂ ಅದು ಇದ್ದಲ್ಲಿಯೇ ಇರಬೇಕಾಗುತ್ತದೆ!

ಈ ಎರಡು ತಪ್ಪುಗಳ ಬೇರು ಒಂದೇ. ‘ಯಾವ ವಸ್ತುವಿನ ಮೇಲಿನ ನಿವ್ವಳ ಬಲ?’ ಎಂದು ಯಾರೂ ಕೇಳಿಕೊಂಡಿಲ್ಲ. ಎರಡು ಗುಂಡುಗಳನ್ನೂ ದಾರವನ್ನೂ ಒಂದೇ ಸಮುದಾಯವೆಂದು ತೆಗೆದುಕೊಂಡರೆ ದಾರದ ಎಳೆತವು ಒಳಗಿನ ವ್ಯವಹಾರವಾಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಒಂದೇ ಗುಂಡನ್ನು ತೆಗೆದುಕೊಂಡರೆ ಅದೇ ಎಳೆತವು ಹೊರಗಿನ ಬಲವಾಗಿ ಒಳಬರುತ್ತದೆ. ಈ ಆಯ್ಕೆಯೇ ಲೆಕ್ಕದ ಜೀವಾಳ. ಸೂತ್ರವನ್ನು ಮಾತ್ರ ಬಾಯಿಪಾಠ ಮಾಡಿದವನಿಗೆ ಇಲ್ಲಿ ಆಯ್ಕೆಯೊಂದಿದೆ ಎಂಬುದೇ ತಿಳಿಯದು.

‘ಬಲ = ರಾಶಿ × ವೇಗೋತ್ಕರ್ಷ’ ಎಂಬ ಸೂತ್ರವನ್ನು ನ್ಯೂಟನ್ನನೇ ಈ ರೂಪದಲ್ಲಿ ಬರೆದಿಟ್ಟನೆಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. 1687ರ ‘ಪ್ರಿನ್ಸಿಪಿಯಾ’ದ ಎರಡನೆಯ ನಿಯಮವು ಹೇಳುವುದು ಬೇರೆ ಮಾತುಗಳಲ್ಲಿ: ಚಲನೆಯ ಬದಲಾವಣೆಯು ಪ್ರಯೋಗಿಸಿದ ಬಲಕ್ಕೆ ಅನುಪಾತದಲ್ಲಿದ್ದು, ಆ ಬಲದ ನೇರದಲ್ಲಿಯೇ ಆಗುತ್ತದೆ. ಚಲನೆಯೆಂದರೆ ಅಲ್ಲಿ ದ್ರವ್ಯದ ಪರಿಮಾಣ ಮತ್ತು ವೇಗಗಳ ಗುಣಲಬ್ಧ. ನಿಯಮಗಳ ಬೆನ್ನಿಗೇ ಬರುವ ಮೊದಲ ಉಪಪ್ರಮೇಯದಲ್ಲಿ, ಎರಡು ಬಲಗಳು ಒಟ್ಟಿಗೆ ವರ್ತಿಸಿದಾಗ ವಸ್ತುವು ಸಮಾಂತರ ಚತುರ್ಭುಜದ ಕರ್ಣವನ್ನು ಹಿಡಿದು ಸಾಗುವುದೆಂದು ಹೇಳಿದೆ. ನಿವ್ವಳ ಬಲದ ಕಲ್ಪನೆಯ ಬೀಜ ಇಲ್ಲಿದೆ. ಒಂದಕ್ಕೊಂದು ಕಟ್ಟಿದ ವಸ್ತುಗಳ ಚಲನೆಗೆ ಸಾಮಾನ್ಯ ವಿಧಾನವೊಂದನ್ನು 1743ರಲ್ಲಿ ದಾಲಂಬೇರನು ಕೊಟ್ಟನು. ಬಲವನ್ನು ಮೂರು ಅಕ್ಷಗಳ ದಿಕ್ಕಿನಲ್ಲಿ ಬಿಡಿಸಿ, ಪ್ರತಿಯೊಂದು ದಿಕ್ಕಿಗೂ ವೇಗೋತ್ಕರ್ಷದ ಸಮೀಕರಣ ಬರೆಯುವ ಕ್ರಮವನ್ನು ಸರ್ವವ್ಯಾಪಿ ತತ್ತ್ವವೆಂದು ಆಯ್ಲರನು ಬರ್ಲಿನ್ ಅಕಾಡೆಮಿಯ ಮುಂದಿಟ್ಟದ್ದು 1750ರಲ್ಲಿ. ಅದು ಅಚ್ಚಾದದ್ದು 1752ರಲ್ಲಿ. ತನ್ನ ಪ್ರಬಂಧದ ಶಿರೋನಾಮೆಯಲ್ಲಿಯೇ ಅವನು ಅದನ್ನು ಹೊಸ ತತ್ತ್ವದ ಶೋಧವೆಂದು ಕರೆದನು.

ಇದರ ತಿರುಳೆಲ್ಲ ನ್ಯೂಟನ್ನನಲ್ಲಿಯೇ ಅಡಗಿತ್ತೆಂದು ವಾದಿಸುವವರುಂಟು. ಆ ವಾದದಲ್ಲಿ ಸತ್ಯವೂ ಉಂಟು. ಆದರೆ ಅಡಗಿದ್ದುದು ಎಲ್ಲರ ಕೈಗೂ ಎಟುಕುವ ಸಾಧನವಾಗಲು ಅರವತ್ತಕ್ಕೂ ಹೆಚ್ಚು ವರ್ಷಗಳೂ ಯೂರೋಪಿನ ಶ್ರೇಷ್ಠ ಗಣಿತಜ್ಞರ ಶ್ರಮವೂ ಬೇಕಾದುವು. ಅದನ್ನೇ ಒಂದು ಗಂಟೆಯ ಪಾಠದಲ್ಲಿ ಗ್ರಹಿಸಲಾರದೆ ಎಡವಿದ ವಿದ್ಯಾರ್ಥಿಯನ್ನು ಮಂದಮತಿಯೆನ್ನುವುದು ನ್ಯಾಯವಲ್ಲ.

ಇನ್ನು ರಾಟೆಯ ಕಥೆ. ಈ ಲೆಕ್ಕವು ಹುಟ್ಟಿದ್ದು ಪರೀಕ್ಷೆಯ ಸಲುವಾಗಿ ಅಲ್ಲ. ಕೇಂಬ್ರಿಜ್ಜಿನ ಜಾರ್ಜ್ ಆಟ್‌ವುಡ್‌ನು 1784ರ ತನ್ನ ಗ್ರಂಥದಲ್ಲಿ ವರ್ಣಿಸಿದ ಯಂತ್ರವೇ ಇದರ ಮೂಲ. ನೇರವಾಗಿ ಬೀಳುವ ವಸ್ತುವು ಮೊದಲನೆಯ ಸೆಕೆಂಡಿನಲ್ಲಿಯೇ 490 ಸೆಂಟಿಮೀಟರ್ ಸಾಗಿಬಿಡುವುದರಿಂದ ಅದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ಗೆಲಿಲಿಯೋ ಇಳಿಜಾರಿನ ಹಲಗೆಯಿಂದ ಈ ಓಟವನ್ನು ನಿಧಾನಗೊಳಿಸಿದ್ದನು. ಆಟ್‌ವುಡ್‌ನು ಸಮತೂಕಗಳಿಂದ ಅದನ್ನು ಸಾಧಿಸಿದನು. ಉದಾಹರಣೆಗೆ, ಎರಡು ಕಡೆಯೂ 50 ಗ್ರಾಂ ಇಟ್ಟು ಒಂದು ಕಡೆಗೆ 2 ಗ್ರಾಂ ಹೆಚ್ಚಿಗೆ ಸೇರಿಸಿದರೆ, ಆ 2 ಗ್ರಾಂನ ತೂಕವು 102 ಗ್ರಾಂ ರಾಶಿಯನ್ನು ಎಳೆಯಬೇಕಾಗುತ್ತದೆ. ಆಗ ಮೊದಲನೆಯ ಸೆಕೆಂಡಿನ ಇಳಿತ ಸುಮಾರು 9.6 ಸೆಂಟಿಮೀಟರ್ ಮಾತ್ರ. ನಿವ್ವಳ ಬಲವು ಒಂದು, ಅದು ಸಾಗಿಸಬೇಕಾದ ರಾಶಿಯು ಮತ್ತೊಂದು ಎಂಬ ಭೇದವು ಇಲ್ಲಿ ಕಣ್ಣಿಗೇ ಕಾಣುತ್ತದೆ.

‘ಘರ್ಷಣೆಯಿಲ್ಲದ, ರಾಶಿಯಿಲ್ಲದ ರಾಟೆ’ ಎಂದು ಇಂದಿನ ಪ್ರಶ್ನೆಯಲ್ಲಿ ಅಚ್ಚಾಗಿರುತ್ತದೆ. ವಿದ್ಯಾರ್ಥಿಯು ಅದನ್ನು ಓದದೆ ದಾಟುತ್ತಾನೆ. ಆಟ್‌ವುಡ್‌ನಾದರೋ ಘರ್ಷಣೆಯನ್ನು ತಗ್ಗಿಸಲು ರಾಟೆಯ ಅಚ್ಚನ್ನು ಬೇರೆ ಪುಟ್ಟ ಚಕ್ರಗಳ ಮೇಲೆ ಕೂರಿಸಿದನು. ಚಕ್ರಗಳ ಜಡತ್ವವನ್ನೂ ಲೆಕ್ಕಕ್ಕೆ ಸೇರಿಸಿದನು. ನಮ್ಮ ಪ್ರಶ್ನೆಪತ್ರಿಕೆಯ ಎರಡು ವಿಶೇಷಣಗಳ ಹಿಂದೆ ಇಷ್ಟೊಂದು ದುಡಿಮೆಯಿದೆ. ಬಿಡಬೇಕಾದುದನ್ನು ಬಿಡದೆ ವಿಜ್ಞಾನವು ಮುಂದುವರಿಯಲಾರದೆಂಬುದು ನಿಜ. ಆದರೆ ತಿಳಿದು ಬಿಡುವುದಕ್ಕೂ ತಿಳಿಯದೆ ಬಿಡುವುದಕ್ಕೂ ಅಂತರವಿದೆ.

ಪಾಠದ ಅವಧಿ ಕಿರಿದು, ಪರೀಕ್ಷೆಯ ಒತ್ತಡ ಹಿರಿದು. ಚರಿತ್ರೆಗೆ ವೇಳೆಯೆಲ್ಲಿ ಎಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹೊಸ ಅಧ್ಯಾಯವನ್ನು ಸೇರಿಸಿರೆಂದು ಇಲ್ಲಿ ಕೇಳುತ್ತಿಲ್ಲ. ಸೂತ್ರಕ್ಕೆ ಕೈಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಸಿದರೆ ಸಾಕು: ನಾವು ಆರಿಸಿಕೊಂಡ ವಸ್ತು ಯಾವುದು? ಅದರ ಮೇಲೆ ಹೊರಗಿನಿಂದ ವರ್ತಿಸುವ ಬಲಗಳಾವುವು? ನಾವು ಕೈಬಿಟ್ಟದ್ದೇನು? ಈ ಮೂರಕ್ಕೂ ಉತ್ತರ ಬರೆದು ಕೊನೆಯ ಭಾಗಾಕಾರದಲ್ಲಿ ತಪ್ಪಿದವನು, ಉತ್ತರವನ್ನು ಸರಿಯಾಗಿ ತಂದು ಇವುಗಳಿಗೆ ಮೌನವಾದವನಿಗಿಂತ ಹೆಚ್ಚು ಕಲಿತಿದ್ದಾನೆ. ಅಂಕ ಕೊಡುವ ನಾವು ಈ ತಾರತಮ್ಯವನ್ನು ಅರಿತಲ್ಲದೆ ವಿದ್ಯಾರ್ಥಿಯು ಅದನ್ನು ಅರಿಯಲಾರನು.