ರಿಸ್ಟೋರ್ ಮಾಡಿ ನೋಡದ ಬ್ಯಾಕಪ್
ಗೊಟ್ಟಿಗೆರೆ, ಜೆ.ಪಿ. ನಗರದ ಪಿಜಿಗಳಲ್ಲಿದ್ದುಕೊಂಡು ಬಿಟಿಎಂ ಲೇಔಟಿನ ಕೋಚಿಂಗ್ ಕ್ಲಾಸುಗಳಿಗೆ ಓಡಾಡುವ ಹೊಸಬರಿಗೆ ಡೇಟಾಬೇಸ್ ಅಡ್ಮಿನ್ ಕೆಲಸ ಸಾಮಾನ್ಯವಾಗಿ ಟೂಲಿನ ಮೂಲಕವೇ ಪರಿಚಯವಾಗುತ್ತದೆ: ಮ್ಯಾನೇಜ್‌ಮೆಂಟ್ ಸ್ಟುಡಿಯೊ, ಪಿಜಿಅಡ್ಮಿನ್, ಡಿಬೀವರ್. ಈ ಟೂಲುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಒಂದೇ ಕಿಟಕಿಯಲ್ಲಿ ಹತ್ತಾರು ಬಗೆಯ ಡೇಟಾಬೇಸುಗಳನ್ನು ತೆರೆದಿಡುವ ಡಿಬೀವರಿನ ಅಚ್ಚುಕಟ್ಟುತನವನ್ನು ಮೆಚ್ಚಲೇಬೇಕು. ತಕರಾರು ಇರುವುದು ಕಲಿಕೆಯ ಕ್ರಮದ ಬಗ್ಗೆ. ಡಿಬಿಎ ಆಗುವವರು ಮೊದಲು ರೂಢಿಸಿಕೊಳ್ಳಬೇಕಾದ್ದು ‘ಸಕ್ಸಸ್’ ಎಂಬ ಸಂದೇಶವನ್ನು ನಂಬದಿರುವುದನ್ನು. ಟೂಲಿನ ಸರದಿ ಆಮೇಲೆ.

ಪರೀಕ್ಷೆಗೆ ‘ಗೊಟ್ಟಿಗೆರೆ’ ಎಂಬ ಊರಿನ ಹೆಸರೇ ಸಾಕು. ಕಂಪ್ಯೂಟರಿನ ಲೆಕ್ಕದಲ್ಲಿ ಅದು 10 ಯೂನಿಕೋಡ್ ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟಿನಂತೆ 30 ಬೈಟ್. ಒರಾಕಲ್‌ನಲ್ಲಿ 20 ಬೈಟಿನ ಕಾಲಮ್ಮಿಗೆ ಇದನ್ನು ತುರುಕಿದರೆ ಮುಖದ ಮೇಲೆ ಹೊಡೆದಂತೆ ಎರರ್ ಬರುತ್ತದೆ, ಅದು ಉಪಕಾರವೇ. ಪೋಸ್ಟ್‌ಗ್ರೆಸ್ ಬೈಟನ್ನಲ್ಲ, ಸಂಕೇತವನ್ನು ಎಣಿಸುವುದರಿಂದ 20ರ ಅಗಲದಲ್ಲಿ ಹೆಸರು ಸಲೀಸಾಗಿ ಕೂರುತ್ತದೆ. ಎಸ್‌ಕ್ಯೂಎಲ್ ಸರ್ವರಿನದು ಬೇರೆಯದೇ ಕಥೆ. ಯುಟಿಎಫ್-8 ಕೊಲೇಶನ್ ಇಲ್ಲದ ವಾರ್‌ಚಾರ್ ಕಾಲಮ್ಮಿಗೆ ಇದೇ ಹೆಸರನ್ನು ಹಾಕಿದರೆ ಒಂದು ಸಾಲು ಸೇರಿತು ಎಂದು ಅದು ನಿರಾತಂಕವಾಗಿ ಹೇಳುತ್ತದೆ. ತೆಗೆದು ನೋಡಿದರೆ ಹತ್ತು ಪ್ರಶ್ನಾರ್ಥಕ ಚಿಹ್ನೆಗಳು. ಫಾಂಟಿನ ತೊಂದರೆಯೇನಲ್ಲ ಇದು, ಹೆಸರೇ ಹೋಗಿಬಿಟ್ಟಿದೆ. ಅಮೆರಿಕದ ಊರು, ಉದ್ಯೋಗಿಗಳ ಹೆಸರಿರುವ ಸ್ಯಾಂಪಲ್ ಡೇಟಾದ ಮೇಲಷ್ಟೇ ಪಳಗಿದವರಿಗೆ ಈ ಅನುಭವ ಕೆಲಸಕ್ಕೆ ಸೇರಿದ ಮೇಲೆ ಆಗುತ್ತದೆ, ಬೇರೆಯವರ ಡೇಟಾದ ಮೇಲೆ.

ಬ್ಯಾಕಪ್ಪಿನ ವಿಷಯದಲ್ಲಿ ಇದೇ ನಂಬಿಕೆ ಇನ್ನೂ ದುಬಾರಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ನಕಲು ಸರ್ವರಿನದೆಂದು ತಿಳಿದು ಮುಖ್ಯ ಸರ್ವರಿನ ಡೇಟಾ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನವೂ ತೆಗೆಯುತ್ತಿದ್ದ ಬ್ಯಾಕಪ್ ಇರಬೇಕಿತ್ತಲ್ಲ? ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುತ್ತಿದ್ದ ಪ್ರೋಗ್ರಾಂ 9.2, ಹೊಂದಾಣಿಕೆಯಾಗದೆ ಅದು ಕೈಕೊಡುತ್ತಲೇ ಇತ್ತು, ಎಚ್ಚರಿಸಬೇಕಿದ್ದ ಇಮೇಲುಗಳು ತಲುಪದೆ ತಿರಸ್ಕೃತವಾಗುತ್ತಿದ್ದವು. ಬೇರೊಂದು ಕೆಲಸಕ್ಕೆಂದು ಆರು ತಾಸು ಮುಂಚೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಕಾಪಾಡಿತು. ಆ ಸಂಸ್ಥೆ ಎಲ್ಲವನ್ನೂ ಬಹಿರಂಗವಾಗಿ ಬರೆದಿಟ್ಟದ್ದು ದೊಡ್ಡತನ. ಪಠ್ಯಕ್ರಮದ ಮೊದಲ ಪಾಠವಾಗಲು ಯೋಗ್ಯವಾದ ಬರಹ ಅದು. ನಮ್ಮಲ್ಲೇ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿತು. ಅಂಥ ಕಡೆ ಡೇಟಾ ಹೋದರೆ ಗ್ರಾಮಲೆಕ್ಕಿಗರ ಕಡತ ಬಿಚ್ಚಿ ನೋಡುವ ದಾರಿಯೂ ಇರುವುದಿಲ್ಲ.

ಈಗ ಎಲ್ಲ ಕ್ಲೌಡಿನಲ್ಲಿದೆ, ಬ್ಯಾಕಪ್ ತಾನಾಗಿಯೇ ಆಗುತ್ತದೆ ಎನ್ನುವವರಿದ್ದಾರೆ. ಅರ್ಧ ನಿಜ. ಅಮೆಜಾನಿನ ಆರ್‌ಡಿಎಸ್ ಸ್ವಯಂಚಾಲಿತ ಬ್ಯಾಕಪ್ಪುಗಳನ್ನು ಗರಿಷ್ಠ 35 ದಿನ ಇಟ್ಟುಕೊಳ್ಳುತ್ತದೆ. ಹಾಳಾದ ಹೆಸರುಗಳು ಎರಡು ತಿಂಗಳ ನಂತರ ಕಣ್ಣಿಗೆ ಬಿದ್ದರೆ ಆ ಹೊತ್ತಿಗೆ ಎಲ್ಲ ಪ್ರತಿಗಳಲ್ಲೂ ಪ್ರಶ್ನಾರ್ಥಕ ಚಿಹ್ನೆಗಳೇ ಇರುತ್ತವೆ. ಯಾವ ಗಳಿಗೆಗೆ ಹಿಂದಿರುಗಬೇಕು, ನಡುವೆ ಸೇರಿದ ಸಾಲುಗಳನ್ನು ಏನು ಮಾಡಬೇಕು ಎಂಬುದನ್ನು ಕ್ಲೌಡ್ ನಿರ್ಧರಿಸುವುದಿಲ್ಲ.

ಇಂಟರ್‌ವ್ಯೂನಲ್ಲಿ ಕೇಳುವುದು ಟೂಲಿನ ಹೆಸರನ್ನೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಫೀಸು ಕಟ್ಟಿದ ಹುಡುಗರಿಗೆ ಕೆಲಸ ಸಿಗುವುದು ಮುಖ್ಯ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಇಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಿಲ್ಲ. ಪೋಸ್ಟ್‌ಗ್ರೆಸ್ ಉಚಿತ, ಒಂದೇ ಲ್ಯಾಪ್‌ಟಾಪಿನಲ್ಲಿ 5432, 5433 ಪೋರ್ಟುಗಳಲ್ಲಿ ಎರಡು ಸರ್ವರ್ ನಡೆಸಬಹುದು. ಒಂದರಲ್ಲಿ ಕನ್ನಡದ ಊರುಗಳನ್ನು ತುಂಬಿ, ಬೇಸ್ ಬ್ಯಾಕಪ್ ತೆಗೆದು, ಲಾಗುಗಳನ್ನು ಆರ್ಕೈವ್ ಮಾಡುತ್ತಾ ಹೋಗಿ, ಆಮೇಲೆ ಬೇಕೆಂದೇ ಒಂದು ಟೇಬಲ್ಲನ್ನು ಅಳಿಸಿ. ಅಳಿಸುವ ಒಂದು ನಿಮಿಷ ಮುಂಚಿನ ಸ್ಥಿತಿಯನ್ನು ಎರಡನೆಯ ಸರ್ವರಿನಲ್ಲಿ ಎಬ್ಬಿಸಿ ನಿಲ್ಲಿಸಿ. ಬರೀ ಡಂಪ್ ಫೈಲಿನಿಂದ ಇದು ಸಾಧ್ಯವಿಲ್ಲ, ಏಕೆಂದರೆ ಡಂಪ್ ತೆಗೆದ ಗಳಿಗೆಯಾಚೆಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಕ್ಲಾಸಿಗೆ ಸೇರುವ ಮುಂಚಿನ ಡೆಮೊದಲ್ಲಿ ಈ ಅಭ್ಯಾಸವನ್ನು ಮಾಡಿಸುತ್ತೀರಾ ಎಂದು ಕೇಳಿ. ಇಲ್ಲವೆಂದರೆ ಫೀಸಿನಲ್ಲಿ ಚೌಕಾಶಿ ಮಾಡಲು ಅಡ್ಡಿಯಿಲ್ಲ.