ಸಾಯಲೆಂದೇ ಬರೆದ ಪಾತ್ರಗಳು

‘ದ ಟೋಲ್ ಆಫ್ ದ ಸೀ’ (1922) ಎಂಬ ಮೂಕಿ ಚಿತ್ರದ ಕೊನೆಯಲ್ಲಿ ಲೋಟಸ್ ಫ್ಲವರ್ ಎಂಬ ಚೀನೀ ಹುಡುಗಿ ಹೆತ್ತ ಮಗುವನ್ನು ಬಿಳಿಯ ಗಂಡನಿಗೂ ಅವನು ಅಮೆರಿಕದಿಂದ ಕರೆತಂದ ಹೊಸ ಹೆಂಡತಿಗೂ ಒಪ್ಪಿಸಿ ಸಮುದ್ರದ ಪಾಲಾಗುತ್ತಾಳೆ. ‘ಪಿಕಡಿಲಿ’ಯಲ್ಲಿ (1929) ಷೋಷೋಳ ಕೊಲೆಯಾಗುತ್ತದೆ. ‘ಡಾಟರ್ ಆಫ್ ದ ಡ್ರ್ಯಾಗನ್’ನಲ್ಲಿ (1931) ಲಿಂಗ್ ಮೋಯ್ ಸಾಯುತ್ತಾಳೆ. ‘ಲೈಮ್‌ಹೌಸ್ ಬ್ಲೂಸ್’ (1934), ‘ಡೇಂಜರಸ್ ಟು ನೋ’ (1938) ಎರಡರಲ್ಲೂ ಆತ್ಮಹತ್ಯೆ. ಈ ಐದೂ ಹೆಂಗಸರ ಪಾತ್ರ ಮಾಡಿದ ನಟಿ ಒಬ್ಬರೇ, ಅನ್ನಾ ಮೇ ವಾಂಗ್.

ಬರೆದವರು ಬೇರೆ, ನಿರ್ದೇಶಕರು ಬೇರೆ, ದೇಶವೂ ಕೆಲವು ಸಲ ಬೇರೆ. ಆದರೂ ಕಥೆ ತಿರುಗಿ ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಬಿಳಿಯ ಗಂಡಸನ್ನು ಪ್ರೀತಿಸಿದ ಏಷ್ಯಾದ ಹೆಣ್ಣು ಕೊನೆಯ ರೀಲಿನ ಹೊತ್ತಿಗೆ ಬದುಕಿರಬಾರದು. ಇದನ್ನು ಯಾರೋ ಒಬ್ಬ ಲೇಖಕನ ಪೂರ್ವಗ್ರಹ ಎಂದು ತಳ್ಳಿಹಾಕುವಂತಿಲ್ಲ. ಇದೊಂದು ಪರಂಪರೆ. ಇದಕ್ಕೆ ಕಾನೂನಿನ ಬೆಂಬಲವಿತ್ತು, ಬಂಡವಾಳವಿತ್ತು, ಮೇಕಪ್ ಕೋಣೆಯಲ್ಲಿ ತನ್ನದೇ ಕಸುಬು ಇತ್ತು, ಪತ್ರಿಕೆಗಳಲ್ಲಿ ಮೆಚ್ಚುವ ವಿಮರ್ಶಕರೂ ಇದ್ದರು. ಈ ಪರಂಪರೆಯನ್ನು ಅಳೆಯಲು ವಾಂಗ್ ಅವರ ವೃತ್ತಿಜೀವನಕ್ಕಿಂತ ನಿಖರವಾದ ಸಾಕ್ಷ್ಯ ಇನ್ನೊಂದಿಲ್ಲ.

ಅವರು ಹುಟ್ಟಿದ್ದು 1905ರ ಜನವರಿ 3ರಂದು, ಲಾಸ್ ಏಂಜಲೀಸ್‌ನಲ್ಲಿ. ಮನೆಯವರು ಇಟ್ಟ ಹೆಸರು ವಾಂಗ್ ಲಿಯು ತ್ಸಾಂಗ್. ತಂದೆಯದು ಲಾಂಡ್ರಿ ಅಂಗಡಿ. ಆ ತಂದೆಯೂ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದವರು, ಅಂದರೆ ಮಗಳು ಎಲ್ಲ ಅರ್ಥದಲ್ಲೂ ಅಮೆರಿಕದವಳು. ಚೈನಾಟೌನ್ ಬೀದಿಗಳಲ್ಲಿ ಶೂಟಿಂಗ್ ನಡೆದಾಗಲೆಲ್ಲ ಶಾಲೆ ತಪ್ಪಿಸಿ ನೋಡಲು ಓಡುತ್ತಿದ್ದ ಈ ಹುಡುಗಿ 1919ರ ‘ದ ರೆಡ್ ಲ್ಯಾಂಟರ್ನ್’ ಚಿತ್ರದ ಗುಂಪಿನಲ್ಲಿ ಒಬ್ಬಳಾಗಿ ಮೊದಲ ಸಲ ಕ್ಯಾಮೆರಾ ಮುಂದೆ ಬಂದಳು. ಚೀನಾದಲ್ಲಿ ನಡೆಯುವ ಆ ಕಥೆಯ ನಾಯಕಿಯಾಗಿದ್ದವರು ರಷ್ಯಾ ಮೂಲದ ಅಲ್ಲಾ ನಾಜಿಮೋವಾ. ಬಿಳಿಯ ನಟಿ ಚೀನೀ ವೇಷ ಕಟ್ಟಿ ಮುಂದೆ, ಚೀನೀ ಹುಡುಗಿ ಹಿಂದೆ ಗುಂಪಿನಲ್ಲಿ. ಮುಂದಿನ ನಲವತ್ತು ವರ್ಷಗಳ ಏರ್ಪಾಡು ಮೊದಲ ದಿನವೇ ತಯಾರಾಗಿತ್ತು.

‘ಯೆಲ್ಲೋಫೇಸ್’ ಎಂದು ಇಂದು ಕರೆಯುವ ಈ ಪದ್ಧತಿಯಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ. ‘ಬ್ರೋಕನ್ ಬ್ಲಾಸಮ್ಸ್’ನ ರಿಚರ್ಡ್ ಬಾರ್ಥೆಲ್ಮೆಸ್, ‘ಮಿಸ್ಟರ್ ವು’ ಚಿತ್ರದ ಲಾನ್ ಚೇನಿ, ‘ದ ಮಾಸ್ಕ್ ಆಫ್ ಫು ಮಾಂಚು’ವಿನ ಮಿರ್ನಾ ಲಾಯ್, ‘ಡ್ರ್ಯಾಗನ್ ಸೀಡ್’ನ ಕ್ಯಾಥರೀನ್ ಹೆಪ್ಬರ್ನ್. ಸ್ವೀಡನ್‌ನಲ್ಲಿ ಹುಟ್ಟಿದ ವಾರ್ನರ್ ಓಲಂಡ್ ಒಮ್ಮೆ ಖಳ ಫು ಮಾಂಚು ಆದರು, ಇನ್ನೊಮ್ಮೆ ಸಜ್ಜನ ಪತ್ತೇದಾರ ಚಾರ್ಲಿ ಚಾನ್ ಆದರು. ಚೀನೀಯರ ಕೆಟ್ಟತನ, ಒಳ್ಳೆಯತನ ಎರಡಕ್ಕೂ ಗುತ್ತಿಗೆದಾರ ಒಬ್ಬನೇ.

ಇಲ್ಲಿ ಕನ್ನಡದ ಓದುಗರು ಒಂದು ಪ್ರಶ್ನೆ ಎತ್ತಬಹುದು. ವೇಷ ಹಾಕುವುದೇ ನಟನೆಯಲ್ಲವೇ? ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಮಾಡಿ ದ್ರೌಪದಿಯನ್ನು ನಮ್ಮ ಕಣ್ಣೆದುರು ತಂದು ನಿಲ್ಲಿಸಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಾಲಿವುಡ್‌ನಲ್ಲಿ ಈ ದಾರಿ ಒಂದೇ ದಿಕ್ಕಿಗೆ ತೆರೆದಿತ್ತು. ಬಿಳಿಯ ನಟ ಚೀನೀಯನಾಗಬಹುದು, ಜಪಾನಿಯಾಗಬಹುದು, ಅರಬನಾಗಬಹುದು. ಚೀನೀ ನಟಿ ಬಿಳಿಯಳಾಗುವುದಿರಲಿ, ಚೀನೀ ನಾಯಕಿಯಾಗುವುದೂ ಕಷ್ಟವಾಗಿತ್ತು. ಸ್ಟುಡಿಯೋಗಳು 1927ರಲ್ಲೇ ಒಪ್ಪಿಕೊಂಡಿದ್ದ ನಿಷೇಧಗಳ ಪಟ್ಟಿಯಲ್ಲಿ ವರ್ಣಸಂಕರ ಸೇರಿತ್ತು, 1934ರಿಂದ ಅದು ಬಿಗಿಯಾಗಿ ಜಾರಿಗೆ ಬಂತು. ನಾಯಕ ಬಿಳಿಯನಾದರೆ ಅವನ ಎದುರು ಚೀನೀ ನಟಿ ಪ್ರೇಯಸಿಯಾಗಿ ನಿಲ್ಲುವಂತಿಲ್ಲ, ಮುತ್ತು ಕೊಡುವಂತಿಲ್ಲ. ನಾಯಕ ಬಹುಮಟ್ಟಿಗೆ ಬಿಳಿಯನೇ. ಹಾಗಾದರೆ ನಾಯಕಿ ಯಾರು ಎಂಬುದಕ್ಕೆ ಉತ್ತರ ಕಾಗದದ ಮೇಲೆಯೇ ಇತ್ತು.

ಪರದೆಯ ಹೊರಗಿನ ನಿಯಮಗಳೂ ಹಾಗೇ ಇದ್ದವು. ಚೀನೀಯರ ವಲಸೆಗೆ ತಡೆ ಹಾಕಿದ 1882ರ ಕಾಯಿದೆ ರದ್ದಾದದ್ದು 1943ರಲ್ಲಿ. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ್ದರೂ ವಿದೇಶಕ್ಕೆ ಹೊರಟಾಗ ವಾಂಗ್ ತಾವು ಅಮೆರಿಕದ ಪ್ರಜೆ ಎಂದು ಅರ್ಜಿ ತುಂಬಿ, ವಿಚಾರಣೆಗೆ ಒಳಪಟ್ಟು, ಮರಳಿ ಬರುವ ಹಕ್ಕನ್ನು ಮುಂಚಿತವಾಗಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರನ್ನು ಮದುವೆಯಾಗಲು ಅಡ್ಡವಾಗಿದ್ದ ಕಾನೂನು ಬಿದ್ದದ್ದು 1948ರಲ್ಲಿ. ಅವರು ಮದುವೆಯಾಗಲೇ ಇಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇನ್ನೊಂದು ಅನ್ಯಾಯವಾಗುತ್ತದೆ. ವಾಂಗ್ ಬಗ್ಗೆ ಈಚಿನ ದಶಕಗಳಲ್ಲಿ ಬಂದ ಬರಹಗಳಲ್ಲಿ ಬಹಳಷ್ಟು ಕನಿಕರದ ಬರಹಗಳು. ಸಿಗದೇ ಹೋದ ಪಾತ್ರಗಳ ಲೆಕ್ಕ ಅವುಗಳಲ್ಲಿ ಸಿಗುತ್ತದೆ, ಸಿಕ್ಕ ಪಾತ್ರಗಳನ್ನು ಅವರು ಏನು ಮಾಡಿದರು ಎಂಬುದು ಸಿಗುವುದು ಅಪರೂಪ. ಹಿಂದಿನವರು ಅವರನ್ನು ವಿಷಕನ್ಯೆ ಎಂದು ನೋಡಿದರು, ಇಂದಿನವರು ಬಲಿಪಶು ಎಂದು ನೋಡುತ್ತಾರೆ. ಎರಡು ನೋಟಗಳಲ್ಲೂ ನಟಿ ಕಾಣುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

‘ದ ಟೋಲ್ ಆಫ್ ದ ಸೀ’ಯನ್ನೇ ತೆಗೆದುಕೊಳ್ಳಿ. ಕಥೆ ‘ಮದಾಮ್ ಬಟರ್‌ಫ್ಲೈ’ ಒಪೆರಾದ ಚೀನೀ ನಕಲು. ಕೆಂಪು, ಹಸಿರು ಎರಡೇ ಬಣ್ಣಗಳ ಹೊಸ ಟೆಕ್ನಿಕಲರ್ ವಿಧಾನವನ್ನು ಲೋಕಕ್ಕೆ ತೋರಿಸಲು ತೆಗೆದ ಚಿತ್ರವಾದ್ದರಿಂದ ಹೂವು, ರೇಷ್ಮೆ, ಸಮುದ್ರಗಳೇ ಅಲ್ಲಿ ಮುಖ್ಯ. ಹದಿನೇಳರ ವಾಂಗ್ ಆ ಬಣ್ಣಗಳ ನಡುವೆ ಒಬ್ಬ ಮನುಷ್ಯಳನ್ನು ನಿಲ್ಲಿಸಿದರು. ಗಂಡನ ಜೊತೆ ಅಮೆರಿಕಕ್ಕೆ ಹೋಗುತ್ತೇನೆಂದು ನಂಬಿದ ಲೋಟಸ್ ಫ್ಲವರ್ ಯಾವುದೋ ಹಳೆಯ ಕಾಲದ ಪಾಶ್ಚಾತ್ಯ ಉಡುಪು ಹೊಲಿಸಿಕೊಂಡು ಅವನ ಮುಂದೆ ಬರುತ್ತಾಳೆ. ದೃಶ್ಯ ಬರೆದಿರುವುದು ಪ್ರೇಕ್ಷಕರು ನಗಲಿ ಎಂದು. ವಾಂಗ್ ಅಲ್ಲಿ ನಗುವಿಗೆ ಎಡೆ ಕೊಡುವುದಿಲ್ಲ. ಆ ಬಟ್ಟೆಯೊಳಗೆ ಅವರು ಪೂರ್ತಿ ಗಂಭೀರರಾಗಿ, ಹೆಮ್ಮೆಯಿಂದ ನಡೆಯುತ್ತಾರೆ. ಗಂಡ ತನ್ನನ್ನು ಕರೆದೊಯ್ಯುವುದಿಲ್ಲ ಎಂಬುದು ಅರಿವಾಗುವಾಗಲೂ ಆ ಕಾಲದ ಮೂಕಿ ನಟಿಯರಂತೆ ಕೈ ಬೀಸುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಮುಖ ಅಲುಗದೆ ನಿಲ್ಲುತ್ತದೆ, ಕಣ್ಣು ತುಂಬುತ್ತದೆ. ಕಥೆ ಅವಳನ್ನು ಪೆದ್ದಿ ಎನ್ನುತ್ತದೆ, ಆ ಮುಖ ಒಪ್ಪುವುದಿಲ್ಲ.

ಈ ಅಭಿನಯಕ್ಕೆ ತಕ್ಕ ಅವಕಾಶಗಳು ಬರಲಿಲ್ಲ. 1924ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್‌ರ ‘ದ ಥೀಫ್ ಆಫ್ ಬಾಗ್ದಾದ್’ನಲ್ಲಿ ಮಂಗೋಲ್ ದಾಸಿಯ ಪಾತ್ರ ಹೆಸರು ತಂದಿತು, ಆಮೇಲೆ ಮತ್ತೆ ಸಣ್ಣ ಪುಟ್ಟ ಪಾತ್ರಗಳು. 1928ರಲ್ಲಿ ಅವರು ಯುರೋಪಿಗೆ ಹೊರಟುಹೋದರು. ಬರ್ಲಿನ್‌ನಲ್ಲಿ ರಿಚರ್ಡ್ ಐಚ್‌ಬರ್ಗ್‌ರ ಚಿತ್ರಗಳು, ಲಂಡನ್ ರಂಗಭೂಮಿಯಲ್ಲಿ ಯುವಕ ಲಾರೆನ್ಸ್ ಒಲಿವಿಯೆ ಜೊತೆ ನಾಟಕ. 1930ರಲ್ಲಿ ಒಂದೇ ಚಿತ್ರವನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರು ಭಾಷೆಗಳಲ್ಲಿ ಬೇರೆ ಬೇರೆಯಾಗಿ ತೆಗೆದಾಗ ಮೂರರಲ್ಲೂ ಅವರೇ ನಟಿಸಿದರು. ಯುರೋಪಿಗೂ ಚೀನೀ ಹೆಣ್ಣಿನ ಬಗ್ಗೆ ಅದದೇ ಭ್ರಮೆಗಳಿದ್ದವು ಎಂಬುದನ್ನು ಮರೆಯಬಾರದು. ಅಲ್ಲಿ ಗೌರವ ಸಿಕ್ಕಿತು, ಪೋಸ್ಟರಿನ ಮೇಲೆ ಹೆಸರು ದೊಡ್ಡದಾಯಿತು, ಪಾತ್ರಗಳು ಸಾಯುವುದು ನಿಲ್ಲಲಿಲ್ಲ.

ಆ ವರ್ಷಗಳ ಶ್ರೇಷ್ಠ ಕೆಲಸ ಇ. ಎ. ಡ್ಯೂಪಾಂಟ್ ನಿರ್ದೇಶಿಸಿದ ‘ಪಿಕಡಿಲಿ’. ಲಂಡನ್ನಿನ ಐಷಾರಾಮಿ ನೈಟ್‌ಕ್ಲಬ್. ಊಟಕ್ಕೆ ಕೂತ ಗಿರಾಕಿಯೊಬ್ಬ (ಚಾರ್ಲ್ಸ್ ಲಾಟನ್) ತಟ್ಟೆ ಕೊಳಕಾಗಿದೆ ಎಂದು ಗಲಾಟೆ ಎಬ್ಬಿಸುತ್ತಾನೆ. ಮಾಲೀಕ ವಿಲ್ಮಟ್ ಕಾರಣ ಹುಡುಕುತ್ತ ಅಡುಗೆಮನೆ ದಾಟಿ ಪಾತ್ರೆ ತೊಳೆಯುವ ಕೋಣೆಗೆ ಬರುತ್ತಾನೆ. ಹಬೆ ತುಂಬಿದ ಆ ಕೋಣೆಯಲ್ಲಿ ಕೆಲಸದವರೆಲ್ಲ ಕೈ ಬಿಟ್ಟು ನಿಂತಿದ್ದಾರೆ, ಮೇಜಿನ ಮೇಲೆ ಷೋಷೋ ಕುಣಿಯುತ್ತಿದ್ದಾಳೆ. ಮಾಸಿದ ಸ್ವೆಟರ್, ಹರಿದ ಕಾಲುಚೀಲ. ಸೊಂಟ, ಭುಜಗಳ ನಿಧಾನವಾದ ಚಲನೆ. ತನ್ನನ್ನು ಯಾರು ನೋಡುತ್ತಿದ್ದಾರೆ ಎಂಬ ಅಂಜಿಕೆ ಆ ಮೈಯಲ್ಲಿ ಎಲ್ಲೂ ಇಲ್ಲ. ಅದಕ್ಕೂ ಮೊದಲು ಮೇಲಿನ ಮಹಡಿಯ ಥಳಕಿನ ನಡುವೆ ನಾಯಕಿ ಗಿಲ್ಡಾ ಗ್ರೇ ಕುಣಿದದ್ದನ್ನು ನಾವು ನೋಡಿರುತ್ತೇವೆ. ಅದು ಪ್ರದರ್ಶನ. ಕೆಳಗಿನದು ಒಬ್ಬಳು ತನ್ನ ಖುಷಿಗೆ ಕುಣಿದದ್ದು. ವಿಲ್ಮಟ್ ಕಂಡದ್ದೂ ಆ ವ್ಯತ್ಯಾಸವನ್ನೇ.

ಮುಂದೆ ಷೋಷೋ ಅವನ ಜೊತೆ ಚೌಕಾಸಿಗೆ ಇಳಿಯುತ್ತಾಳೆ. ತನ್ನ ಉಡುಪು ಚೀನೀಯರ ಬಡಾವಣೆ ಲೈಮ್‌ಹೌಸಿನ ಅಂಗಡಿಯಿಂದಲೇ ಬರಬೇಕು, ವಾದ್ಯ ನುಡಿಸಲು ತನ್ನ ಗೆಳೆಯ ಜಿಮ್ಮೇ ಇರಬೇಕು. ಅಂಗಡಿಯಲ್ಲಿ ಆ ಉಡುಪನ್ನು ತಾನು ತೊಡದೆ ಜಿಮ್ಮಿಗೆ ತೊಡಿಸಿ ತೋರಿಸುತ್ತಾಳೆ. ಬಿಳಿಯ ಯಜಮಾನ ಕಣ್ಣು ತುಂಬ ನೋಡಬೇಕೆಂದು ಬಂದದ್ದನ್ನು ಕೊಡದೆ ಕಾಯಿಸುವ ಈ ಕ್ಷಣ ಇಡೀ ಪರಂಪರೆಯ ಒಳಗೆ ಕುಳಿತೇ ಅದನ್ನು ಪ್ರಶ್ನಿಸುತ್ತದೆ. ಷೋಷೋ ಒಳ್ಳೆಯವಳು ಎಂದು ವಾಂಗ್ ನಮ್ಮನ್ನು ನಂಬಿಸಲು ಹೋಗುವುದಿಲ್ಲ. ಅವಳಿಗೆ ಆಸೆ ಇದೆ, ಲೆಕ್ಕಾಚಾರ ಇದೆ, ಗೆದ್ದ ಗರ್ವವೂ ಇದೆ. ಚೀನೀ ಹೆಣ್ಣಿಗೆ ತ್ಯಾಗ ಅಥವಾ ಕುತಂತ್ರ ಎರಡನ್ನೇ ಬರೆಯುತ್ತಿದ್ದ ಕಾಲದಲ್ಲಿ ಅವರು ಮೂರನೆಯದನ್ನು, ಸಾಧಾರಣ ಮನುಷ್ಯರ ಮಹತ್ವಾಕಾಂಕ್ಷೆಯನ್ನು, ತಂದರು. ಕಥೆ ಆಮೇಲೆ ಅವಳನ್ನು ಕೊಂದರೂ ಚಿತ್ರ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವವಳು ಅವಳೊಬ್ಬಳೇ.

ಜೋಸೆಫ್ ವಾನ್ ಸ್ಟರ್ನ್‌ಬರ್ಗ್‌ರ ‘ಶಾಂಘೈ ಎಕ್ಸ್‌ಪ್ರೆಸ್’ನಲ್ಲಿ (1932) ಕ್ಯಾಮೆರಾ ಪೂಜಿಸುವುದು ಮಾರ್ಲೀನ್ ಡೀಟ್ರಿಕ್‌ರನ್ನು. ವಾಂಗ್ ಅವರ ಹುಯಿ ಫೇ ಅದೇ ರೈಲುಬೋಗಿಯಲ್ಲಿ ಇಸ್ಪೀಟ್ ಎಲೆ ಹರಡಿಕೊಂಡು, ಕಡಿಮೆ ಮಾತಿನಲ್ಲಿ ಕೂತಿರುತ್ತಾಳೆ. ತನ್ನ ಮೇಲೆ ಬಲಾತ್ಕಾರ ಮಾಡಿದ ಬಂಡಾಯದ ನಾಯಕನನ್ನು ಇರಿದು ಕೊಲ್ಲುವವಳು ಅವಳೇ. ರೈಲಿನವರೆಲ್ಲ ಉಳಿದದ್ದು ಅದರಿಂದ. ಅವಳಿಗೆ ಕೃತಜ್ಞತೆ ಬೇಕಿಲ್ಲ, ತನ್ನ ಲೆಕ್ಕ ತೀರಿಸಿಕೊಂಡೆ, ಅಷ್ಟೇ ಎಂಬ ಧೋರಣೆ. ವಾಂಗ್ ಆ ಮಾತನ್ನು ಏರಿಳಿತವಿಲ್ಲದೆ ಆಡುತ್ತಾರೆ. ಇಲ್ಲಿ ಅವರ ಪಾತ್ರ ಬದುಕುಳಿಯುತ್ತದೆ. ಅದಕ್ಕೂ ಕಾರಣವಿದೆ: ಹುಯಿ ಫೇ ಯಾವ ಬಿಳಿಯನನ್ನೂ ಪ್ರೀತಿಸಿರಲಿಲ್ಲ.

ಆಮೇಲೆ ‘ದ ಗುಡ್ ಅರ್ಥ್’. ಪರ್ಲ್ ಬಕ್ ಅವರ 1931ರ ಕಾದಂಬರಿ ಚೀನಾದ ರೈತ ಕುಟುಂಬದ್ದು. ಎಂಜಿಎಂ ಸಂಸ್ಥೆ ಚೀನಾದಿಂದ ನೇಗಿಲು, ಮನೆಯ ಸಾಮಾನು ತರಿಸಿತು, ಕ್ಯಾಲಿಫೋರ್ನಿಯಾದ ಗುಡ್ಡವನ್ನು ಕಡಿದು ಚೀನೀ ಹೊಲ ಮಾಡಿತು. ನೇಗಿಲು ಅಸಲಿ, ಮನುಷ್ಯರು ಮಾತ್ರ ಮೇಕಪ್ಪಿನವರು. ರೈತ ವಾಂಗ್ ಲುಂಗ್ ಪಾತ್ರಕ್ಕೆ ಪಾಲ್ ಮುನಿ, ಹೆಂಡತಿ ಓ-ಲಾನ್ ಪಾತ್ರಕ್ಕೆ ಲೂಯಿಸ್ ರೈನರ್. ಅನ್ನಾ ಮೇ ವಾಂಗ್‌ಗೆ ಪರಿಗಣಿಸಿದ ಪಾತ್ರ, ಆ ಸಂಸಾರ ಒಡೆಯುವ ಉಪಪತ್ನಿ ಲೋಟಸ್‌ಳದು. ಇಡೀ ಚಿತ್ರದಲ್ಲಿ ಚೀನೀ ರಕ್ತದ ತಾನೊಬ್ಬಳೇ ಕೆಟ್ಟ ಪಾತ್ರ ಮಾಡಬೇಕೇ ಎಂದು ಅವರು ನಿರಾಕರಿಸಿದರು. 1937ರ ಆ ಚಿತ್ರಕ್ಕೆ ರೈನರ್ ಆಸ್ಕರ್ ಪಡೆದರು. ರೈನರ್ ಕೆಟ್ಟ ನಟಿಯಲ್ಲ, ಆ ಅಭಿನಯದಲ್ಲಿ ಶ್ರದ್ಧೆ ಇದೆ. ಆದರೆ ಅವರ ಓ-ಲಾನ್‌ಳ ಮೌನ ದೂರದಿಂದ ಕಂಡು ಕನಿಕರಪಟ್ಟ ಮೌನ. ಲೋಟಸ್ ಫ್ಲವರ್‌ಳ, ಹುಯಿ ಫೇಯ ಮೌನ ನೋಡಿದವರಿಗೆ ಕಳೆದುಕೊಂಡದ್ದು ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

1936ರಲ್ಲಿ ವಾಂಗ್ ಮೊದಲ ಸಲ ಚೀನಾಕ್ಕೆ ಹೋದರು. ಹಿರಿಯರ ಊರು ತೈಷಾನ್ ಸೀಮೆಯಲ್ಲಿತ್ತು. ಅಲ್ಲಿನ ಪತ್ರಿಕೆಗಳು ಅವರನ್ನು ಬರಮಾಡಿಕೊಂಡವು, ದೇಶದ ಮಾನ ಕಳೆಯುವ ಪಾತ್ರ ಮಾಡಿದವಳು ಎಂದು ಜರೆದವು ಕೂಡ. ಅಮೆರಿಕದಲ್ಲಿ ಚೀನೀಯಳೆಂದು ಹೊರಗಿಟ್ಟವರನ್ನು ಚೀನಾದಲ್ಲಿ ಅಮೆರಿಕದ ಪಾಪಕ್ಕೆ ಹೊಣೆ ಮಾಡಲಾಯಿತು. ಆ ಟೀಕೆಯಲ್ಲಿ ನೋವಿನ ಸತ್ಯವಿತ್ತು, ಗುರಿ ಮಾತ್ರ ತಪ್ಪಾಗಿತ್ತು. ಅವರು ಅಲ್ಲಿ ಚೀನೀ ರಂಗಭೂಮಿಯನ್ನು ಅಭ್ಯಾಸ ಮಾಡುತ್ತ ತಿಂಗಳುಗಟ್ಟಲೆ ಉಳಿದರು.

ಹಿಂದಿರುಗಿದ ಮೇಲೆ ಬಂದ ‘ಡಾಟರ್ ಆಫ್ ಶಾಂಘೈ’ (1937) ಸುಮಾರು ಒಂದು ಗಂಟೆಯ, ಕಡಿಮೆ ಖರ್ಚಿನ ಬಿ-ದರ್ಜೆಯ ಚಿತ್ರ. ತಂದೆಯನ್ನು ಕೊಂದ ಮಾನವ ಕಳ್ಳಸಾಗಣೆದಾರರ ಬೆನ್ನಟ್ಟುವ ಮಗಳು ಲಾನ್ ಯಿಂಗ್, ಅವಳ ಜೊತೆ ಕೊರಿಯನ್ ಅಮೆರಿಕನ್ ನಟ ಫಿಲಿಪ್ ಆನ್ ಮಾಡಿದ ಸರ್ಕಾರಿ ಪತ್ತೇದಾರ. ಕೊನೆಗೆ ಅವನು ಮದುವೆಯ ಮಾತೆತ್ತುತ್ತಾನೆ. ಏಷ್ಯಾ ಮೂಲದ ಇಬ್ಬರು ನಾಯಕ ನಾಯಕಿಯರಾಗಿ, ಜೀವಂತವಾಗಿ, ಒಟ್ಟಿಗೆ ಚಿತ್ರದಿಂದ ಹೊರನಡೆಯುತ್ತಾರೆ. ದೊಡ್ಡ ಬಜೆಟ್ಟಿನ ಮೇಲೆ ಇದ್ದ ಕಾವಲು ಸಣ್ಣ ಬಜೆಟ್ಟಿನ ಮೇಲೆ ಇರಲಿಲ್ಲ, ಆ ಸಂದಿಯಲ್ಲಿ ಈ ಚಿತ್ರ ಸಾಧ್ಯವಾಯಿತು. 2006ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. ‘ಕಿಂಗ್ ಆಫ್ ಚೈನಾಟೌನ್’ನಲ್ಲಿ (1939) ವಾಂಗ್ ಶಸ್ತ್ರಚಿಕಿತ್ಸಕಿ. ಯುದ್ಧಕಾಲದ ಎರಡು ಚಿತ್ರಗಳ ಸಂಭಾವನೆಯನ್ನು ಚೀನಾದ ಪರಿಹಾರ ನಿಧಿಗೆ ಕೊಟ್ಟರು. ಆ ಎರಡು ಚಿತ್ರಗಳಲ್ಲಿ ನಟನೆಗಿಂತ ಉದ್ದೇಶ ದೊಡ್ಡದು.

ಈ ಪರಂಪರೆಯ ನೆರಳು ನಮ್ಮ ಮೈಸೂರಿನವರೆಗೂ ಬಂದಿತ್ತು. ಕಾರಾಪುರದ ಮಾವುತರ ಮನೆಯ ಹುಡುಗ ಸಾಬು ‘ಎಲಿಫೆಂಟ್ ಬಾಯ್’ (1937) ಚಿತ್ರದಿಂದ ಹೆಸರಾಗಿ, 1940ರಲ್ಲಿ ಹೊಸದಾಗಿ ತೆಗೆದ ‘ದ ಥೀಫ್ ಆಫ್ ಬಾಗ್ದಾದ್’ನಲ್ಲಿ ಕಳ್ಳನಾದ, ಮುಂದೆ ಅಮೆರಿಕದ ಪ್ರಜೆಯೂ ಆದ. ಅವನಿಗೂ ಬಂದವು ಕಾಡಿನ ಹುಡುಗನ ಪಾತ್ರಗಳೇ, ಅವನು ಗಂಡಸಾಗಿ ಬೆಳೆದ ಮೇಲೂ. ಬಾಂಬೆಯಲ್ಲಿ ಹುಟ್ಟಿದ ಮರ್ಲ್ ಓಬರಾನ್ ತಾಯಿಯ ಕಡೆಯ ಏಷ್ಯಾ ಮೂಲವನ್ನು ಬದುಕಿಡೀ ಮುಚ್ಚಿಟ್ಟು ನಾಯಕಿಯಾದರು. ವಾಂಗ್‌ಗೆ ಮುಚ್ಚಿಡುವ ದಾರಿಯೂ ಇರಲಿಲ್ಲ. ಇದ್ದಿದ್ದರೆ ಹಿಡಿಯುತ್ತಿರಲಿಲ್ಲ ಎಂದೇ ನನಗೆ ಅನ್ನಿಸುವುದು.

1951ರಲ್ಲಿ ಡುಮಾಂಟ್ ಟಿವಿ ಜಾಲ ಅವರನ್ನು ಮುಖ್ಯ ಪಾತ್ರದಲ್ಲಿಟ್ಟು ‘ದ ಗ್ಯಾಲರಿ ಆಫ್ ಮದಾಮ್ ಲಿಯು-ತ್ಸಾಂಗ್’ ಎಂಬ ಪತ್ತೇದಾರಿ ಧಾರಾವಾಹಿ ಮಾಡಿತು. ಏಷ್ಯಾ ಮೂಲದ ಅಮೆರಿಕನ್ ನಟಿಯೊಬ್ಬರು ಕೇಂದ್ರದಲ್ಲಿದ್ದ ಮೊದಲ ಅಮೆರಿಕನ್ ಧಾರಾವಾಹಿ ಅದು. ಅದರ ಒಂದು ಕಂತೂ ಉಳಿದಿಲ್ಲ. 1961ರ ಫೆಬ್ರವರಿ 3ರಂದು, 56ನೆಯ ವಯಸ್ಸಿನಲ್ಲಿ ಸಾಂಟಾ ಮೋನಿಕಾದಲ್ಲಿ ಅವರು ತೀರಿಕೊಂಡರು. ‘ಫ್ಲವರ್ ಡ್ರಮ್ ಸಾಂಗ್’ ಚಿತ್ರದಲ್ಲಿ ಅವರು ಮಾಡಬೇಕಿದ್ದ ಮದಾಮ್ ಲಿಯಾಂಗ್ ಪಾತ್ರಕ್ಕೆ ಆಫ್ರಿಕನ್ ಅಮೆರಿಕನ್ ಕಲಾವಿದೆ ವನೀಟಾ ಹಾಲ್‌ಗೆ ಚೀನೀ ಮೇಕಪ್ ಮಾಡಲಾಯಿತು. ಅದೇ ವರ್ಷ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ನಲ್ಲಿ ಮಿಕಿ ರೂನಿ ಜಪಾನಿ ನೆರೆಮನೆಯವನಾಗಿ ಹಲ್ಲು ಕಿರಿದರು.

2022ರಲ್ಲಿ ಅಮೆರಿಕದ ಕಾಲು ಡಾಲರ್ ನಾಣ್ಯದ ಮೇಲೆ ವಾಂಗ್ ಅವರ ಮುಖ ಬಂತು. ಆ ಮರ್ಯಾದೆ ಸಲ್ಲಬೇಕಾದದ್ದೇ. ಆದರೆ ನಾಣ್ಯದ ಮೇಲಿನ ಮುಖ ಅಲುಗುವುದಿಲ್ಲ, ಅವರ ಕಲೆಯೆಲ್ಲ ಮುಖ ಯಾವಾಗ ಅಲುಗಬೇಕು ಎಂಬುದರಲ್ಲಿತ್ತು. ಅವರ ಬಗ್ಗೆ ಓದುವ ಮೊದಲು ‘ಪಿಕಡಿಲಿ’ ನೋಡಿ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದನ್ನು ಜೀರ್ಣೋದ್ಧಾರ ಮಾಡಿದೆ. ಆಮೇಲೆ, ಕಥೆ ತೆಳುವಾದರೂ, ‘ಡಾಟರ್ ಆಫ್ ಶಾಂಘೈ’.